ಜಾಗ ಸಿಕ್ಕಿತಾ ಸಾರ್?

ಲಾ ಕಾಲೇಜಿನ ಕ್ಯಾಂಟೀನಿನಲ್ಲಿ ಯಾರಿಗೂ ಬಹುವಚನದ ಭಾಗ್ಯವಿಲ್ಲ. "ಕೇಶವಾನಂದ ಮುಗೀತೇನೋ?" ಎಂದು ಒಬ್ಬ ಕೇಳುತ್ತಾನೆ. "ಅರ್ಧ ಆಯ್ತು. ಗೋಲಕನಾಥನ್ನ ರಾತ್ರಿ ಮುಗಿಸ್ತೀನಿ" ಎನ್ನುತ್ತಾ ಇನ್ನೊಬ್ಬ ಬೋಂಡಾ ಮುರಿಯುತ್ತಾನೆ. ಪಕ್ಕದ ಮೇಜಿನವರು ಇದನ್ನು ಕೇಳಿಸಿಕೊಂಡೂ ಪೊಲೀಸರಿಗೆ ಫೋನ್ ಮಾಡದೆ ಇರುವುದೇ ದೊಡ್ಡದು.

ಮಾಡಿದ್ದರೂ ಪ್ರಯೋಜನವಿರಲಿಲ್ಲ ಅನ್ನಿ. ತೊಂಬತ್ತರ ದಶಕದ ನಮ್ಮ ಬೆಂಗಳೂರಿನ ಸಂಜೆ ಕಾಲೇಜಿನಲ್ಲಿ ಪೊಲೀಸರೂ ಸಹಪಾಠಿಗಳೇ. ಮೂರನೇ ಬೆಂಚಿನ ಹೆಡ್ ಕಾನ್‌ಸ್ಟೇಬಲ್ ಡ್ಯೂಟಿ ಮುಗಿಸಿ, ಟೋಪಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು. ಬಂಧಿಸಿದವನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆನ್ನುವ 22ನೇ ವಿಧಿಯನ್ನು ಮೇಷ್ಟ್ರು ಓದಿದ ದಿನ ಅವರು ದೀರ್ಘವಾಗಿ ನಿಟ್ಟುಸಿರು ಬಿಟ್ಟು, "ಬರೆದವರು ಒಂದಿನ ನೈಟ್ ಡ್ಯೂಟಿ ಮಾಡಬೇಕಿತ್ತು ಸಾರ್" ಎಂದಿದ್ದರು. ಅವರ ಪಕ್ಕದಲ್ಲಿ, ತನ್ನ ಪ್ರಮೋಷನ್ ಕೇಸನ್ನು ತಾನೇ ವಾದಿಸುವ ಹಟದಿಂದ ಕಾನೂನು ಓದಲು ಬಂದಿದ್ದ ಗುಮಾಸ್ತರೊಬ್ಬರು. ಸಂವಿಧಾನದಲ್ಲಿ ಅವರಿಗೆ 14 ಮತ್ತು 16ನೇ ವಿಧಿಗಳಷ್ಟೇ ಬೇಕಿದ್ದದ್ದು. ಉಳಿದವನ್ನು ಅವರು ಮದುವೆಮನೆಯಲ್ಲಿ ಬೇರೆಯವರ ಎಲೆಗೆ ಬಡಿಸಿದ ಲಾಡುವಿನಂತೆ ನಿರಾಸಕ್ತಿಯಿಂದ ನೋಡುತ್ತಿದ್ದರು.

ಕೇಶವಾನಂದ ಭಾರತಿಯವರು ಕಾಸರಗೋಡಿನ ಎಡನೀರು ಮಠದ ಪೀಠಾಧಿಪತಿಗಳಾಗಿದ್ದವರು, ಯಕ್ಷಗಾನದ ಹಾಡುಗಾರಿಕೆ ಬಲ್ಲವರಾಗಿದ್ದರು. ಸುತ್ತಲ ಸೀಮೆಯ ಜನ ಅವರಿಗೆ ಅಡ್ಡಬಿದ್ದು ಮಂತ್ರಾಕ್ಷತೆ ಪಡೆದರೆ, ನಾವು ಅವರನ್ನು ಗೈಡಿನ ಒಂದೂವರೆ ಪುಟದಲ್ಲಿ ಮುಗಿಸುತ್ತಿದ್ದೆವು. ಹದಿಮೂರು ಜನ ನ್ಯಾಯಮೂರ್ತಿಗಳು, 68 ದಿನಗಳ ವಾದ, 1973ರ ಏಪ್ರಿಲ್ 24ರಂದು ತೀರ್ಪು, ಏಳಕ್ಕೆ ಆರು. ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತರಬಹುದು, ಆದರೆ ಅದರ ಮೂಲ ಸ್ವರೂಪಕ್ಕೆ ಕೈಹಾಕುವಂತಿಲ್ಲ. ಇಷ್ಟು ಬರೆದು, ಸ್ವಾಮೀಜಿಯ ಪರ ವಾದಿಸಿದ ಪಾಲ್ಖೀವಾಲಾ ಅವರ ಹೆಸರಿನ ಕೆಳಗೆ ಎರಡು ಗೆರೆ ಎಳೆದರೆ ಹತ್ತು ಅಂಕ ಗ್ಯಾರಂಟಿ.

ಪುತ್ತೂರು ಕಡೆಯ ಹುಡುಗನೊಬ್ಬ ಮಾತ್ರ ಎದ್ದುನಿಂತು, "ಸಾರ್, ಕೊನೆಗೆ ಮಠಕ್ಕೆ ಜಾಗ ಸಿಕ್ಕಿತಾ?" ಎಂದ.

ಮೇಷ್ಟ್ರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಅದು ಸಿಲಬಸ್‌ನಲ್ಲಿಲ್ಲ. ಕೂತ್ಕೋ."

ಆದರೆ ಸ್ವಾಮೀಜಿ ಕೋರ್ಟಿಗೆ ಹೋದದ್ದು ಜಾಗಕ್ಕೇ ಅಲ್ಲವೆ? ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಕೈಬಿಡುತ್ತದೆಂದು 1970ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ಅವರು. ಭೂಮಿ ಹೋದದ್ದು ಹೋಯಿತು. ಗೇಣಿದಾರರ ಕಡೆಯಿಂದ ನೋಡಿದರೆ ಹೋದದ್ದೇ ಸರಿ ಎನ್ನಬೇಕು, ನಾನೂ ಹಾಗೇ ಅನ್ನುತ್ತೇನೆ. ದೇಶಕ್ಕೆ ಮೂಲ ಸ್ವರೂಪದ ಸಿದ್ಧಾಂತ ಸಿಕ್ಕಿತು, ಸ್ವಾಮೀಜಿಗೆ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಏಕವಚನ ಸಿಕ್ಕಿತು.

ಪುತ್ತೂರಿನ ಹುಡುಗನ ಆ ಪ್ರಶ್ನೆ ನನಗೂ ಅಂಟಿಕೊಂಡಿತು. ಯಾವ ಕೇಸು ಓದಿದರೂ ಕೊನೆಯ ಪುಟಕ್ಕೆ ಹಾರಿ, ಅರ್ಜಿ ಹಾಕಿದವನಿಗೆ ಏನಾಯಿತೆಂದು ನೋಡುವುದು ಚಟವಾಯಿತು. ನಾವು ಓದುವಾಗ ಬೊಮ್ಮಾಯಿ ತೀರ್ಪು ಇನ್ನೂ ಬಿಸಿಯಾಗಿತ್ತು. 1989ರ ಏಪ್ರಿಲ್‌ನಲ್ಲಿ, ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅಂಗಲಾಚಿದರೂ ರಾಜ್ಯಪಾಲರು ಕೇಳಲಿಲ್ಲ, ಸರ್ಕಾರ ವಜಾ. ಬಹುಮತದ ಲೆಕ್ಕ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಆ ವಜಾ ತಪ್ಪು ಎಂದು ಒಂಬತ್ತು ಜನರ ಪೀಠ ಹೇಳಿದ್ದು 1994ರ ಮಾರ್ಚಿನಲ್ಲಿ. ಅಷ್ಟರಲ್ಲಿ ಚುನಾವಣೆ ನಡೆದು, ವಿಧಾನಸೌಧದಲ್ಲಿ ಕುರ್ಚಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗಿತ್ತು. ಬೊಮ್ಮಾಯಿಯವರಿಂದ ಎಷ್ಟು ಸರ್ಕಾರಗಳು ಉಳಿದವೋ, ಅವರದ್ದೊಂದು ಬಿಟ್ಟು.

ಈಗ ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿರುವ ತಂಗಿಯ ಮಗಳ ಪುಸ್ತಕದಲ್ಲಿ ನಮ್ಮ ಕಡೆಯ ಮೂರನೇ ಹೆಸರೂ ಇದೆ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮರುವರ್ಷ ಐವರ ಪೀಠ ಅಲ್ಲಲ್ಲಿ ಕತ್ತರಿ ಆಡಿಸಿ ಆಧಾರನ್ನು ಉಳಿಸಿಕೊಂಡಿತು. "ಪುಟ್ಟಸ್ವಾಮಿ ಒನ್, ಪುಟ್ಟಸ್ವಾಮಿ ಟೂ" ಎಂದು ಹುಡುಗಿ ಸಿನಿಮಾ ಭಾಗಗಳ ಹಾಗೆ ಎಣಿಸುತ್ತಾಳೆ.

ಸಂವಿಧಾನದ ತರಗತಿಯಲ್ಲಿ ಮೈ ನವಿರೇಳುತ್ತಿತ್ತು, ಆಡಳಿತ ಕಾನೂನಿನಲ್ಲಿ ಆಕಳಿಕೆ. ಆದರೂ ಜಾಗ ಸಿಗುವ ಕಥೆಗಳು ಇದ್ದದ್ದು ಈ ಆಕಳಿಕೆಯ ಕಡೆಗೇ. ಕ್ರೈಪಕ್ ಪ್ರಕರಣವನ್ನು ನೋಡಿ. ಜಮ್ಮು ಕಾಶ್ಮೀರದ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕ್ಷ್‌ಬಂದ್ ಅವರು ಭಾರತೀಯ ಅರಣ್ಯ ಸೇವೆಯ ಆಯ್ಕೆ ಮಂಡಳಿಯ ಸದಸ್ಯರು, ಅದೇ ಸೇವೆಗೆ ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಬಂದಾಗ ಸಭ್ಯತೆಯಿಂದ ಎದ್ದು ಆಚೆ ಹೋದರು. ಎದುರಾಳಿಗಳ ಹೆಸರು ಬಂದಾಗ ಅಷ್ಟೇ ಸಭ್ಯತೆಯಿಂದ ಒಳಗೆ ಕೂತರು. ಪಟ್ಟಿ ಹೊರಬಿದ್ದಾಗ ಮೊದಲ ಹೆಸರು ಯಾರದೆಂದು ಹೇಳಬೇಕಾಗಿಲ್ಲ. 1969ರಲ್ಲಿ ಆ ಪಟ್ಟಿಯನ್ನು ರದ್ದು ಮಾಡಿದ ತೀರ್ಪು ಬರೆದವರು ಕಾರ್ಕಳ ತಾಲ್ಲೂಕಿನ ಕೆ. ಎಸ್. ಹೆಗ್ಡೆ. ನಾಲ್ಕು ವರ್ಷದ ಮೇಲೆ ಕೇಶವಾನಂದ ಪ್ರಕರಣದಲ್ಲಿ ಬಹುಮತದ ಜೊತೆ ನಿಂತದ್ದಕ್ಕೆ, ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಅವರನ್ನು ದಾಟಿ ಕಿರಿಯರಿಗೆ ಹೋಯಿತು. ರಾಜೀನಾಮೆ ಕೊಟ್ಟು ಹೊರಬಂದರು. ಆ ನಿರ್ಧಾರ ಮಾಡಿದ ಕೋಣೆಯಲ್ಲಿ ಯಾರು ಒಳಗಿದ್ದರು, ಯಾರು ಎದ್ದು ಆಚೆ ಹೋದರು ಎಂಬುದರ ಮೇಲೆ ಕೇಸಿಲ್ಲ.

ಇನ್ನೊಂದು ಕಥೆ ಇಂಗ್ಲೆಂಡಿನದು. 1720ರ ಆಸುಪಾಸಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಡಾ. ಬೆಂಟ್ಲಿ ಎಂಬ ಜಗಳಗಂಟ ಪಂಡಿತರ ಪದವಿಗಳನ್ನೆಲ್ಲ ಅವರನ್ನು ಒಂದು ಮಾತೂ ಕೇಳದೆ ಕಿತ್ತುಕೊಂಡಿತು. ನ್ಯಾಯಮೂರ್ತಿಯೊಬ್ಬರು ಈಡನ್ ತೋಟದವರೆಗೆ ಹೋದರು: ಸರ್ವಜ್ಞನಾದ ದೇವರೇ ಹಣ್ಣು ತಿಂದ ಆದಮನನ್ನು ಕರೆದು ಕೇಳಿ ಆಮೇಲೆ ಶಿಕ್ಷೆ ಕೊಟ್ಟ, ವಿಶ್ವವಿದ್ಯಾಲಯಕ್ಕೇನು ಬಂದಿದೆ? ಬೆಂಟ್ಲಿಗೆ ಪದವಿಗಳು ವಾಪಸು ಸಿಕ್ಕವು.

ಈ ಆದಮನನ್ನು ನಾನು ಒಮ್ಮೆ ಉಪಯೋಗಿಸಿದ್ದೇನೆ. ನಮ್ಮ ಸೈಟಿನ ಖಾತೆಗೆ ಯಾರೋ ತಕರಾರು ಹಾಕಿದ್ದರು. ಕಚೇರಿಯಿಂದ ವಿಚಾರಣೆಯ ನೋಟಿಸು ಬಂತು, ವಿಚಾರಣೆ ಮುಗಿದ ಮರುದಿನ. ಹೋಗಿ ಕೇಳಿದರೆ ಕೇಸ್ ವರ್ಕರ್ ಬಲು ಸೌಮ್ಯ. "ಕರೆದಿದ್ವಲ್ಲ ಸಾರ್, ನೀವೇ ಬರಲಿಲ್ಲ" ಎಂದು ಕಡತದ ಹಾಳೆ ತಿರುಗಿಸಿ ತೋರಿಸಿದರು. 'ಗೈರುಹಾಜರು' ಎಂದು ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ನಾನು ಲಕೋಟೆಯ ಮೇಲಿನ ಅಂಚೆ ಮುದ್ರೆ ತೋರಿಸಿ, ಸಹಜ ನ್ಯಾಯದ ತತ್ತ್ವ ಹೇಳಿ, ಆದಮನ ಕಥೆಯನ್ನೂ ಹೇಳಿದೆ. ಅವರು ಕೈಕಟ್ಟಿ ಪೂರ್ತಿ ಕೇಳಿದರು. "ಆಗ ದೇವರು ಒಬ್ಬನೇ ಇದ್ದ, ಫೈಲೂ ಒಂದೇ ಇತ್ತು ಸಾರ್" ಎಂದರು. ಆದರೆ ಮನುಷ್ಯ ಒಳ್ಳೆಯವರು. ಮೇಲಿನವರ ಹತ್ತಿರ ಹೋಗಿ ಮಾತಾಡಿ, ಹಳೆಯ ಆದೇಶ ಪಕ್ಕಕ್ಕಿಡಿಸಿ, ಹೊಸ ತಾರೀಖು ಬರೆಸಿಕೊಂಡು ಬಂದರು. ನನ್ನ ಜನ್ಮದಲ್ಲಿ ಗೆದ್ದ ಒಂದೇ ಕೇಸು ಎಂದು ಬೀಗುತ್ತಾ ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಎರಡನೇ ಶನಿವಾರ.