ಮಾರ್ಕೋನಹಳ್ಳಿಯ ಪಂಚಾಯಿತಿ ರೇಡಿಯೋ ಉವಾಚ

ಶಿಂಷಾ ನದಿಗೆ ಅಡ್ಡಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಎದ್ದ ಕಟ್ಟೆಯಿಂದ ಖ್ಯಾತವಾದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ಪಂಚಾಯಿತಿಯ ಹಳೆಯ ಕಡತಗಳಿಗೆ ಒರಗಿಕೊಂಡು, ವಾಲ್ವುಗಳು ಆರಿಹೋದರೂ ವಾಕ್ಚಾತುರ್ಯವು ಆರದ ರೇಡಿಯೋ ಪೆಟ್ಟಿಗೆಯೊಂದು ಪಿಂಚಣಿಯಿಲ್ಲದ ನಿವೃತ್ತಿಯನ್ನು ಅನುಭವಿಸುತ್ತಿದೆಯೆಂದು ವಾಚಕರು ಕಲ್ಪಿಸಿಕೊಳ್ಳಬೇಕು. ವಿದ್ಯಾಲಯಗಳೂ ಸಮುದಾಯಗಳೂ ನಡೆಸುವ ಬಾನುಲಿಯ ಚರಿತ್ರೆಯನ್ನು ಕೇಳಲು ನಾನು ಅದನ್ನೇ ಆರಿಸಿಕೊಂಡೆನು. ಆಯುಷ್ಯವೆಲ್ಲ ಪರರ ಮಾತನ್ನೇ ಆಡಿದ ಆ ಜೀವಕ್ಕೆ ಸ್ವಂತದ ಎರಡು ಮಾತನಾಡಲು ಅದುವರೆಗೆ ಯಾರೂ ಎಡೆಗೊಟ್ಟಿರಲಿಲ್ಲ.

ಸಂದರ್ಶಕ: ತಮ್ಮ ಕುಲದ ಮೂಲಪುರುಷರು ಯಾರು? ಸರ್ಕಾರದವರೇ?

ಪೆಟ್ಟಿಗೆ: ಮೇಷ್ಟರು, ಸ್ವಾಮಿ! ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು, ತಮ್ಮ ಸ್ವಗೃಹವಾದ ‘ವಿಠಲ ವಿಹಾರ’ದಲ್ಲಿ, 30 ವ್ಯಾಟಿನ ಪುಟ್ಟ ಪ್ರೇಷಕ ಯಂತ್ರವೊಂದನ್ನು ನಿಲ್ಲಿಸಿಕೊಂಡು ಊರಿಗೆಲ್ಲ ಸಂಗೀತವನ್ನೂ ಸದ್ವಿಚಾರವನ್ನೂ ಹಂಚತೊಡಗಿದರು, ಮುಂದೆ 250 ವ್ಯಾಟಿನದನ್ನು ಹೊರದೇಶದಿಂದ ತರಿಸಿದರು. ‘ಆಕಾಶವಾಣಿ’ ಎಂಬ ಹೆಸರು ಚಲಾವಣೆಗೆ ಬಂದದ್ದೂ ಆ ಮನೆಯಿಂದಲೇ. ಹೆಂಡತಿ ಮಕ್ಕಳಿರುವ ಮನೆಯೊಳಗೆ ಒಬ್ಬ ಪ್ರಾಧ್ಯಾಪಕರ ಮಾತಿಗೆ ಕಿವಿಗೊಡುವವರು ವಿರಳವೆಂಬ ಕಾರಣದಿಂದಲೇ ಅವರು ಆಕಾಶವನ್ನು ಆಶ್ರಯಿಸಿದರೆಂದು ಕುಹಕಿಗಳು ಹೇಳಬಹುದು, ನಾನು ಹೇಳಲಾರೆ.

ಸಂದರ್ಶಕ: ಅನಂತರ?

ಪೆಟ್ಟಿಗೆ: ಚೆನ್ನಾಗಿ ನಡೆಯುವುದನ್ನು ಸರ್ಕಾರವು ಎಷ್ಟು ಕಾಲ ದೂರದಿಂದ ನೋಡೀತು? 1950ರಲ್ಲಿ ಅದು ಕೇಂದ್ರದ ಅಧೀನವಾಯಿತು. 1955ರಲ್ಲಿ ನಿಲಯವೇ ಬೆಂಗಳೂರಿಗೆ ತೆರಳಿತು. ಹೆಸರು ಮಾತ್ರ ದೆಹಲಿಯವರೆಗೆ ಹೋಗಿ ರಾಷ್ಟ್ರದ ಸ್ವತ್ತಾಯಿತು. ನನ್ನಂಥವರನ್ನು ಮನೆಯಲ್ಲಿಟ್ಟುಕೊಂಡು ಕೇಳಬೇಕಾದರೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲವದು. ಕಿವಿಯ ಲೈಸೆನ್ಸು ಕಾಲಕ್ರಮದಲ್ಲಿ ರದ್ದಾಯಿತು, ಬಾಯಿಯದು ಉಳಿದುಕೊಂಡಿತು.

ಸಂದರ್ಶಕ: ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿತಲ್ಲವೇ?

ಪೆಟ್ಟಿಗೆ: ಇತ್ತಿತು. ಸ್ವತ್ತು ನಮ್ಮದೆಂದು ಇತ್ಯರ್ಥವಾದ ಮೇಲೆ, ಅದರ ಬೀಗದ ಕೈಯನ್ನು ಕೇಳಲು ಅರ್ಜಿಯ ನಮೂನೆ ಸಿದ್ಧವಾಗುವುದಕ್ಕೆ ಏಳು ವರ್ಷ ಹಿಡಿಯಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಅನುಮತಿ ದೊರೆಯಿತು. 2004ರಲ್ಲಿ ಮದರಾಸಿನ ಅಣ್ಣಾ ವಿಶ್ವವಿದ್ಯಾನಿಲಯವು ಮೊದಲು ಬಾಯಿ ತೆರೆಯಿತು. ಹಳ್ಳಿಯವರಿಗೆ ಆಗಲೂ ಇಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ‘ನಮ್ಮ ಧ್ವನಿ’ಯನ್ನು ಆಕಾಶದಲ್ಲಿ ಬಿಡುವಂತಿಲ್ಲವೆಂದು ಕೇಬಲ್ ತಂತಿಯ ಮೂಲಕ ಮನೆಮನೆಗೆ ಹರಿಸಿಕೊಂಡರು. ಗಾಳಿಗೆ ಕಾನೂನಿತ್ತು, ತಂತಿಗೆ ಅಷ್ಟು ಬಿಗಿಯಿರಲಿಲ್ಲ. ಇಂಥ ಬುದ್ಧಿ ನನಗೆ ಬಹಳ ಹಿಡಿಸುತ್ತದೆ. ಸಂಘಸಂಸ್ಥೆಗಳಿಗೂ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ. ಯಂತ್ರ ಮಾತ್ರ 50 ವ್ಯಾಟಿನದು. ಲೆಕ್ಕ ನೋಡಿ: ಮೇಷ್ಟರು ಮನೆಯಲ್ಲಿ ಯಾರನ್ನೂ ಕಾಡದೆ ಇಟ್ಟುಕೊಂಡದ್ದು ಮೂವತ್ತು. ಎಪ್ಪತ್ತೊಂದು ವರ್ಷಗಳ ರಾಷ್ಟ್ರಪ್ರಗತಿಯ ಫಲವಾಗಿ ಪ್ರಜೆಗೆ ಇಪ್ಪತ್ತು ವ್ಯಾಟು ಹೆಚ್ಚಿಗೆ ಲಭಿಸಿತು!

ಸಂದರ್ಶಕ: ತುಮಕೂರಿನ ‘ರೇಡಿಯೋ ಸಿದ್ಧಾರ್ಥ’ವನ್ನು ಕೇಳುವಿರಾ?

ಪೆಟ್ಟಿಗೆ: ಕೇಳುವ ಆಸೆಯುಂಟು. ಅವರು 90.8ರ ಎಫ್.ಎಂ.ನವರು, ನಾನು ಮೀಡಿಯಂ ವೇವಿನ ಸಂಪ್ರದಾಯಸ್ಥ. ಮೇಲಾಗಿ ಆ ಐವತ್ತು ವ್ಯಾಟು ಹತ್ತು ಹದಿನೈದು ಕಿಲೋಮೀಟರು ನಡೆಯುವುದರೊಳಗೆ ಏದುಸಿರು ಬಿಡುತ್ತದೆ. ಕುಣಿಗಲ್ಲಿಗೂ ಆಚೆಯಿರುವ ನಮ್ಮೂರಿಗೆ ಬರಬೇಕಾದರೆ ಅದು ಬಸ್ಸು ಹತ್ತಬೇಕು.

ಸಂದರ್ಶಕ: ಅಲ್ಲಿ ಸುದ್ದಿ ಬರುವುದಿಲ್ಲವಂತೆ?

ಪೆಟ್ಟಿಗೆ: ಸ್ವಂತ ಸುದ್ದಿಗೆ ನಿಷೇಧ. ನೀರಿನ ಸರಬರಾಜು, ವಿದ್ಯುತ್ತು, ಹವಾಮಾನ, ಪರೀಕ್ಷೆ ಇವುಗಳ ಸೂಚನೆಗಳು ಸುದ್ದಿಯಲ್ಲವೆಂದು ನಿಯಮವೇ ಔದಾರ್ಯ ತೋರಿದೆ. ಆದಕಾರಣ, ‘ನಾಳೆ ನಲ್ಲಿಯಲ್ಲಿ ನೀರು ಬಾರದು’ ಎನ್ನಬಹುದು. ಏಕೆ ಬಾರದೆಂದು ವಿಚಾರಿಸಹೊರಟರೆ, ಪ್ರಚಲಿತ ವಿದ್ಯಮಾನದ ವಾಸನೆ ಹೊಡೆಯತೊಡಗುತ್ತದೆ. ನಮ್ಮ ಕಟ್ಟೆಯ ಸೈಫನ್ನುಗಳನ್ನು ನೋಡಿ: ನೀರು ಮಟ್ಟ ಮೀರಿತೆಂದರೆ ಯಾರ ಅಪ್ಪಣೆಗೂ ಕಾಯದೆ, ತೂಬಿನವನನ್ನೂ ಕರೆಯದೆ, ತಾವಾಗಿಯೇ ಭೋರೆಂದು ಹೊರಚೆಲ್ಲುತ್ತವೆ. ಆ ಎಂಜಿನಿಯರುಗಳು ಪ್ರಸಾರದ ನಿಯಮ ರಚಿಸಲು ಕುಳಿತಿದ್ದರೆ ಚೆನ್ನಾಗಿತ್ತು.

ಸಂದರ್ಶಕ: ತಾವೇ ಇಲ್ಲೊಂದು ಕೇಂದ್ರಕ್ಕೆ ಅರ್ಜಿ ಹಾಕಬಾರದೇಕೆ?

ಪೆಟ್ಟಿಗೆ: ವಿಚಾರಿಸಿದ್ದೇನೆ. ಸಂಸ್ಥೆಯು ನೋಂದಾಯಿತವಾಗಿದ್ದು ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಿರಬೇಕು. ಅನಂತರ ಗೃಹ ಇಲಾಖೆಯವರೂ ರಕ್ಷಣಾ ಇಲಾಖೆಯವರೂ ನಾನು ನಿರಪಾಯಕಾರಿಯೆಂದು ಒಪ್ಪಬೇಕು. ಆಮೇಲೆ ತರಂಗಾಂತರದ ಹಂಚಿಕೆ. ಇದಕ್ಕೆಲ್ಲ ನಾನು ಸಿದ್ಧನಿದ್ದೇನೆ. ನನ್ನ ಹಿಂಬದಿಯ ಹಲಗೆಯನ್ನು ತಿನ್ನುತ್ತಿರುವ ಗೆದ್ದಲುಗಳು ಅಷ್ಟು ವರ್ಷ ತಡೆಯುವಂತೆ ಕಾಣುವುದಿಲ್ಲ.