ಇಂಗ್ಲೆಂಡಿನ ನೀಲಿ-ಬಿಳಿ ತಟ್ಟೆಗೆ ಬಹಿರಂಗ ಪತ್ರ

ಮಹಾರಾಜಶ್ರೀ ಇಂಗ್ಲಿಷ್ ಡೆಲ್ಫ್ಟ್ ತಟ್ಟೆಯವರ ಸನ್ನಿಧಿಗೆ,

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನೆಲೆಸಿರುವ ಬೀದರಿನ ಹೆಣ್ಣುಮಗಳ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಚೆಲುವಿಗೆ ನಾನು ನಿಜವಾಗಿ ಸೋತವಳು. ಸೀಸದ ಮೆರುಗಿಗೆ ತವರದ ಭಸ್ಮ ಬೆರೆತರೆ ಅದು ಹಾಲಿನಂತೆ ಬೆಳ್ಳಗಾಗಿ ಕೆಳಗಿನ ಮಣ್ಣಿನ ಬಣ್ಣವನ್ನೇ ಮುಚ್ಚಿಬಿಡುತ್ತದೆ. ಇನ್ನೂ ಸುಡದ ಆ ಪುಡಿಮೈ ಕುಂಚದ ನೀರನ್ನು ಮುಟ್ಟಿದೊಡನೆ ಹೀರುತ್ತದೆ. ಕೋಬಾಲ್ಟ್ ನೀಲಿಯ ಗೆರೆ ಒಮ್ಮೆ ಬಿತ್ತೆಂದರೆ ತಿದ್ದುವಂತಿಲ್ಲ. ತಮ್ಮ ಟ್ಯೂಲಿಪ್ ಹೂಗಳು, ಆಡಮ್-ಈವರು, ಅಂಚಿನ ಸುತ್ತ ಓರೆಯಾಗಿ ಎಳೆದ ನೀಲಿ ಪಟ್ಟೆಗಳು, ಎಲ್ಲವೂ ಹಾಗೆ ಅಳುಕದ ಕೈಯಿಂದ ಮೂಡಿದವು. ಆ ಕೈಗಳಿಗೆ ಶರಣು.

ತಮ್ಮ ವಂಶಾವಳಿಯ ಬಗ್ಗೆ ಮಾತ್ರ ಒಂದು ಬಿನ್ನಹವಿದೆ. ತವರದ ಮೆರುಗು 9ನೇ ಶತಮಾನದಲ್ಲೇ ಇರಾಕಿನ ಕುಂಬಾರರಿಗೆ ಗೊತ್ತಿತ್ತು. 1567ರಲ್ಲಿ ಅದನ್ನು ಇಂಗ್ಲೆಂಡಿನ ನಾರ್ವಿಚ್‌ಗೆ ತಂದವರು ಆಂಟ್ವರ್ಪಿನ ಕುಂಬಾರರು. ಟ್ಯೂಲಿಪ್ ತುರ್ಕಿಯ ಕಡೆಯಿಂದ ಬಂತು, ನೀಲಿ-ಬಿಳಿಯ ಮೋಹ ಚೀನಾದಿಂದ. ಇಷ್ಟು ಮನೆಗಳ ಉಪ್ಪುಂಡ ತಾವು ಆ ಹೆಸರುಗಳನ್ನೂ ಒಮ್ಮೆ ಹೇಳಿದರೆ ದೊಡ್ಡವರ ದೊಡ್ಡತನ.

ತಮ್ಮ ಅಂಚು ಬಲು ಬೇಗ ಚಕ್ಕೆ ಏಳುತ್ತದೆ. 1760ರ ದಶಕದಲ್ಲಿ ಇಂಗ್ಲಿಷ್ ಕುಂಬಾರ ವೆಜ್‌ವುಡ್‌ನ ಕೆನೆಬಣ್ಣದ ಗಟ್ಟಿ ಪಾತ್ರೆಗಳು ಹಬ್ಬಿದಾಗ ತಮ್ಮ ನಾಡಿನ ಊಟದ ಮೇಜುಗಳೇ ತಮ್ಮನ್ನು ಕೈಬಿಡತೊಡಗಿದವು. ಆದರೂ ಇಂದು ತಮ್ಮ ಒಂದೊಂದು ಚಕ್ಕೆಯನ್ನೂ ಹರಾಜಿನವರು ಪಟ್ಟಿಯಲ್ಲಿ ಬರೆಯುತ್ತಾರೆ, ವಯಸ್ಸಿನ ಲಕ್ಷಣವೆಂದು ಮನ್ನಿಸುತ್ತಾರೆ. ಆ ಮನ್ನಣೆ ಕಂಡು ನನಗೆ ಹೊಟ್ಟೆ ಉರಿಯುತ್ತದೆ, ಸ್ವಾಮಿ.

ಏಕೆಂದರೆ ತಾವು ಹುಟ್ಟುವ ಸುಮಾರು ನೂರು ವರ್ಷ ಮೊದಲೇ, 1472ರಲ್ಲಿ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ನಮ್ಮೂರಿನ ಮದರಸಾ ಮೈತುಂಬ ಬಣ್ಣದ ಟೈಲ್ಸ್ ತೊಟ್ಟು ನಿಂತಿತ್ತು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರು ಸಹಿತ ಮುಂಭಾಗದ ಅರ್ಧ ಉರುಳಿತು. ಉಳಿದ ಮಿನಾರಿನ ಅಂಕುಡೊಂಕು ಪಟ್ಟೆಗಳೂ ಗೋಡೆಯ ಬರಹವೂ ಐದು ಶತಮಾನಗಳ ಮಳೆ ಬಿಸಿಲಿಗೆ ಉದುರುತ್ತ ಬಂದಿವೆ. ನಾವು ಶಾಲೆಯಲ್ಲಿ ಗವಾನನ ಹೆಸರು, ಇಸವಿ ಬಾಯಿಪಾಠ ಮಾಡಿದೆವು. ಮಣ್ಣಿಗೆ ಆ ಬಣ್ಣ ಹೇಗೆ ಅಂಟಿತೆಂದು ಯಾರೂ ಹೇಳಲಿಲ್ಲ. ಅದನ್ನು ನಾನು ತಿಳಿದದ್ದು ತಮ್ಮ ಮೇಲಿನ ಪುಸ್ತಕಗಳಿಂದ. ಆ ಋಣವೂ ನನ್ನನ್ನು ಚುಚ್ಚುತ್ತದೆ.

ತಮ್ಮ ಭಕ್ತರು ಹೈದರಾಬಾದಿಗೆ ಬಂದರೆ ದಯವಿಟ್ಟು ಅಪ್ಪಣೆ ಕೊಡಿಸಿ: ಕೂಕಟ್‌ಪಲ್ಲಿಯ ನಡುವೆ ಹಾಯುವ ಮುಂಬೈ ಹೆದ್ದಾರಿ ಹಿಡಿದು, ಜಹೀರಾಬಾದಿನಲ್ಲಿ ಬಲಕ್ಕೆ ತಿರುಗಿದರೆ ಬೀದರ್. ತಮ್ಮ ಚಕ್ಕೆಗಳನ್ನು ಗುರುತಿಸುವ ಭೂತಗನ್ನಡಿಯನ್ನು ಜೊತೆಗೆ ತರಲಿ.

ಇಂತಿ ತಮ್ಮ ವಿಧೇಯಳು,
ಬೀದರಿನವಳು, ಕೂಕಟ್‌ಪಲ್ಲಿ