ಬಲಗಡೆಯ ಆಸನ

ಪ್ರಯಾಣಿಕ ವಿಮಾನದ ಚಾಲನಾ ಕೋಣೆಯಾದ ಕಾಕ್‌ಪಿಟ್‌ನಲ್ಲಿ ಎರಡು ಆಸನಗಳಿದ್ದು, ಎಡಗಡೆಯದು ಭುಜದ ಮೇಲೆ ನಾಲ್ಕು ಪಟ್ಟಿ ಧರಿಸಿದ ಕ್ಯಾಪ್ಟನ್‌ಗೂ, ಬಲಗಡೆಯದು ಮೂರು ಪಟ್ಟಿಯ ಫಸ್ಟ್ ಆಫೀಸರ್‌ಗೂ, ಎಂದರೆ ಸಹಚಾಲಕನಿಗೂ ಮೀಸಲಾಗಿವೆ. ಭಾರತದ ಪೈಲಟ್ ಉದ್ಯೋಗದ ಅರ್ಥಶಾಸ್ತ್ರವೆಲ್ಲ ಈ ಎರಡು ಕುರ್ಚಿಗಳ ನಡುವಿನ ಮೊಳದಗಲದ ಜಾಗದಲ್ಲೇ ಅಡಗಿದೆ: ಎಡಗಡೆಯ ಕುರ್ಚಿಗೆ ಜನ ಸಿಗುವುದಿಲ್ಲ, ಬಲಗಡೆಯ ಕುರ್ಚಿ ಜನಕ್ಕೆ ಸಿಗುವುದಿಲ್ಲ.

ಬಲಗಡೆಯ ಆಕಾಂಕ್ಷಿಗೆ ಮೊದಲು ಬೇಕಾದದ್ದು ಸಿಪಿಎಲ್, ಅಂದರೆ ಸಂಬಳಕ್ಕಾಗಿ ವಿಮಾನ ಹಾರಿಸಲು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನೀಡುವ ವಾಣಿಜ್ಯ ಪರವಾನಗಿ. ದಾರಿ ಗೊತ್ತುಮಾಡುವ ವಿದ್ಯೆಯಾದ ನ್ಯಾವಿಗೇಶನ್, ಹವಾಮಾನ ವಿಜ್ಞಾನ, ವಿಮಾನಯಾನ ನಿಯಮಗಳು ಮೊದಲಾದ ಪತ್ರಿಕೆಗಳಲ್ಲಿ ನೂರಕ್ಕೆ 70 ಅಂಕ ಬರಬೇಕಾಗಿದ್ದು, 35ಕ್ಕೆ ಪಾಸು ಮಾಡುತ್ತಿದ್ದ ಶಾಲೆಗಳಲ್ಲಿ ಬೆಳೆದವರಿಗೆ ವೃತ್ತಿಜೀವನದ ಮೊದಲ ಕುಲುಕಾಟ ನೆಲದ ಮೇಲೆಯೇ ಅನುಭವಕ್ಕೆ ಬರುತ್ತದೆ. ಬಳಿಕ ಬರುವುದು ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕಡೆ ನಡೆಯುವ ಕ್ಲಾಸ್ ಒನ್ ವೈದ್ಯಕೀಯ ತಪಾಸಣೆ. ಅಭ್ಯರ್ಥಿಯ ಕಣ್ಣು, ಕಿವಿ, ಹೃದಯಗಳನ್ನೆಲ್ಲ ಕೂಲಂಕಷವಾಗಿ ಪರೀಕ್ಷಿಸುವ ಈ ವ್ಯವಸ್ಥೆ, ಸುಮಾರು 50 ಲಕ್ಷ ರೂಪಾಯಿ ಹೊಂದಿಸಬೇಕಾದ ಅವನ ತಂದೆಯ ರಕ್ತದೊತ್ತಡವನ್ನು ಮಾತ್ರ ಏಕೋ ಅಳೆಯುವುದಿಲ್ಲ.

ಪರವಾನಗಿಗೆ 200 ಗಂಟೆಗಳ ಹಾರಾಟ ಕಡ್ಡಾಯ. ಅದರ ದಾಖಲೆಯಾದ ಲಾಗ್‌ಬುಕ್ ಎಂಬ ಉದ್ದನೆಯ ಪುಸ್ತಕದಲ್ಲಿ ದಿನಾಂಕ, ವಿಮಾನದ ನೋಂದಣಿ ಅಕ್ಷರಗಳು, ಏರಿದ ಹೊತ್ತು, ಇಳಿದ ಹೊತ್ತು ಇವುಗಳಿಗೆಲ್ಲ ಪ್ರತ್ಯೇಕ ಕಲಂಗಳಿದ್ದು, ಪುಟ ತುಂಬಿದೊಡನೆ ಮೊತ್ತ ಕೂಡಿಸಿ ಮುಂದಿನ ಪುಟದ ತಲೆಗೆ ಒಯ್ಯುವ ಕ್ರಮ ಥೇಟು ದಿನಸಿ ಅಂಗಡಿಯ ಉದ್ರಿ ಲೆಕ್ಕದಂತೆಯೇ ಇರುತ್ತದೆ. ವ್ಯತ್ಯಾಸವಿಷ್ಟೇ: ಅಂಗಡಿಯ ಪುಸ್ತಕದಲ್ಲಿ ಸಾಲವೊಂದೇ ಬೆಳೆದರೆ, ಇಲ್ಲಿ ಗಂಟೆಯೂ ಸಾಲವೂ ಕೈ ಕೈ ಹಿಡಿದು ಬೆಳೆಯುತ್ತವೆ.

ಇಷ್ಟಾದರೂ ಆ 200 ಗಂಟೆಗಳಲ್ಲಿ ಬಹುಪಾಲು ಕಳೆದಿರುವುದು ನಾಲ್ಕು ಆಸನಗಳ, ಒಂಟಿ ಎಂಜಿನ್ನಿನ ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ. ಕಾದಿರುವುದು 180 ಜನರನ್ನು ಹೊರುವ ಏರ್‌ಬಸ್ ಎ320. ಮೊಪೆಡ್ ಓಡಿಸಿ ಬಂದವನ ಕೈಗೆ ರಾಜಹಂಸ ಬಸ್ಸಿನ ಸ್ಟಿಯರಿಂಗ್ ಕೊಡಲಾಗದಂತೆ ಇಲ್ಲಿಯೂ ಟೈಪ್ ರೇಟಿಂಗ್ ಎಂಬ, ನಿರ್ದಿಷ್ಟ ಮಾದರಿಯ ವಿಮಾನವನ್ನು ಸಿಮ್ಯುಲೇಟರ್‌ನಲ್ಲಿ ಕಲಿಸಿ ನೀಡುವ ಮತ್ತೊಂದು ಅರ್ಹತೆ ಬೇಕು, ಅದಕ್ಕೆ ಮತ್ತೆ ಲಕ್ಷಗಳು ಬೇಕು. ಅದನ್ನೂ ಮುಗಿಸಿ ಅರ್ಜಿ ಹಾಕಿದವನಿಗೆ, ಅನುಭವವುಳ್ಳವರಿಗೆ ಆದ್ಯತೆ ಎಂಬ ಒಕ್ಕಣೆ ಎದುರಾಗುತ್ತದೆ. ಆ ಮಾದರಿಯ ಅನುಭವ ನೌಕರಿ ಸಿಗದೆ ಬರುವುದಿಲ್ಲ, ನೌಕರಿ ಅನುಭವವಿಲ್ಲದೆ ಸಿಗುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂದ ಕನ್ನಡದ ಹಿರಿಯರು ವಿಮಾನವನ್ನು ಕಾಣದೆಯೇ ಈ ಶಾಸ್ತ್ರವನ್ನು ಪೂರ್ತಿ ಬರೆದಿಟ್ಟಿದ್ದಾರೆ. ಈ ನಡುವೆ ಉಪಕರಣಗಳನ್ನಷ್ಟೇ ನಂಬಿ ಹಾರುವ ಅರ್ಹತೆಯನ್ನು ವರ್ಷವರ್ಷವೂ ಸ್ವಂತ ಖರ್ಚಿನಲ್ಲಿ ನವೀಕರಿಸುತ್ತಿರಬೇಕು, ಊರ ಜಾತ್ರೆಯಲ್ಲಿ ಸಿಕ್ಕ ದೊಡ್ಡಪ್ಪ "ಏನಪ್ಪಾ, ಇನ್ನೂ ವಿಮಾನ ಹತ್ತಲಿಲ್ವಾ?" ಎಂದು ಕೇಳಿದಾಗ ನಗುತ್ತಿರಬೇಕು, ಎರಡನೆಯದು ಡಿಜಿಸಿಎ ಪಠ್ಯಕ್ರಮದಲ್ಲಿಲ್ಲ.

ಸರದಿಯಲ್ಲಿ ನಿಂತವನ ಮುಂದೆ ಹೊಸಬರು ಬಂದು ಸೇರುವ ವೈಚಿತ್ರ್ಯವೂ ಉಂಟು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗಲೆಲ್ಲ ಸಾವಿರಾರು ಗಂಟೆಗಳ ಲಾಗ್‌ಬುಕ್ ಹಿಡಿದವರು ಅದೇ ಬಾಗಿಲಿಗೆ ಬಂದರು. ಅದೇ 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳ ಖರೀದಿ ಪ್ರಕಟಿಸಿದಾಗ ತರಬೇತಿ ಶಾಲೆಗಳ ಜಾಹೀರಾತಿನ ಅಕ್ಷರಗಳು ದಪ್ಪಗಾದವು. ಆದರೆ ವಿಮಾನಗಳು ಬರುವುದು ವರ್ಷಗಳ ಕಂತಿನಲ್ಲಿ, ಬ್ಯಾಂಕಿನ ನೋಟೀಸು ಬರುವುದು ತಿಂಗಳ ಕಂತಿನಲ್ಲಿ. 2025ರ ಡಿಸೆಂಬರ್‌ನಲ್ಲಿ, ಚಾಲಕರ ವಿಶ್ರಾಂತಿಯ ನಿಯಮ ಬಿಗಿಯಾದ ಬಳಿಕ ಸಾಕಷ್ಟು ಪೈಲಟ್‌ಗಳಿಲ್ಲದೆ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ಆ ಸುದ್ದಿಯನ್ನು ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿದವರಲ್ಲಿ ಸಿಪಿಎಲ್ ಹೊಂದಿದವರೂ ಇದ್ದರು. ಇದರಲ್ಲಿ ವಿರೋಧಾಭಾಸವೇನಿಲ್ಲ, ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಎಂಬ ಹಿರಿಯ ಪರವಾನಗಿಗೆ 1500 ಗಂಟೆಗಳ ಹಾರಾಟ ಬೇಕು, ಅವು ಕೂಡುವುದು ಬಲಗಡೆಯ ಕುರ್ಚಿಯಲ್ಲಿ.

ಸಂದರ್ಶನವನ್ನು ತಪ್ಪಿಸಿಕೊಳ್ಳುವ ಖಚಿತ ಮಾರ್ಗವೆಂದರೆ ಸ್ವತಃ ವಿಮಾನ ಸಂಸ್ಥೆಯನ್ನು ಸ್ಥಾಪಿಸುವುದು. 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ ಗೊರೂರಿನ ಗೋಪಿನಾಥ್ ಅವರ ಕ್ಯಾಪ್ಟನ್ ಪದವಿ ಭೂಸೇನೆಯದಾದ್ದರಿಂದ, ಈ ಮಾರ್ಗಕ್ಕೆ ಪೈಲಟ್ ಆಗಿರುವ ಅಗತ್ಯವೂ ಇಲ್ಲವೆಂದು ಸಿದ್ಧವಾಗಿದೆ. ಪೈಲಟ್ ಆಗಿಯೇ ಈ ಮಾರ್ಗ ಹಿಡಿದವರೂ ಉಂಟು: 1929ರಲ್ಲಿ ಭಾರತದಲ್ಲಿ ನೀಡಲಾದ ಒಂದನೆಯ ನಂಬರಿನ ಪೈಲಟ್ ಪರವಾನಗಿ ಪಡೆದ ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ತಮ್ಮ ಸಂಸ್ಥೆಯ ಪುಸ್ ಮಾತ್ ವಿಮಾನದಲ್ಲಿ ಕರಾಚಿಯ ಟಪಾಲನ್ನು ಮುಂಬಯಿಗೆ ತಾವೇ ತಂದರು. ಅಲ್ಲಿಂದ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಮುಟ್ಟಿಸಿದರು. ಆ ವಿಮಾನದಲ್ಲಿ ಚಾಲಕನಿಗೆ ಇದ್ದದ್ದು ಒಂದೇ ಆಸನ.